ಕೊನೆ ಸಾಲಿಗೂ ಕೇಳಬೇಕಿದ್ದ ಪಿಟೀಲು

ಹೋದ ವರ್ಷ ರಾಜ್ಯೋತ್ಸವದ ದಿನ ನಮ್ಮ ಕಾಲೇಜಿನ ಆಡಿಟೋರಿಯಂನಲ್ಲಿ ಇದ್ದವರಿಗೆ ಇದು ನೆನಪಿರಬೇಕು. ಕಾರ್ಯಕ್ರಮದ ನಡುವೆ ಸೌಂಡ್ ಸಿಸ್ಟಂ ಕೈಕೊಟ್ಟಿತು. ವೇದಿಕೆ ಮೇಲೆ ಜೂನಿಯರ್ ಒಬ್ಬಳು ಪಿಟೀಲು ನುಡಿಸುತ್ತಿದ್ದಳು. ಪಾಪ, ಅವಳು ನಿಲ್ಲಿಸಲಿಲ್ಲ. ಮುಂದಿನ ನಾಲ್ಕು ಸಾಲಿನಲ್ಲಿ ಕೂತಿದ್ದ ಮೇಷ್ಟ್ರುಗಳು ತಲೆದೂಗುತ್ತಲೇ ಇದ್ದರು. ಹಿಂದೆ ಕೂತ ನಮಗೆ ಕಂಡದ್ದು ಕಮಾನು ಹೋಗೋದು ಬರೋದು ಅಷ್ಟೇ, ಮೂಕಿ ಸಿನಿಮಾ ನೋಡಿದ ಹಾಗೆ. ಮೂರು ನಿಮಿಷಕ್ಕೆ ಮೊಬೈಲುಗಳು ಹೊರಬಂದವು, ಐದು ನಿಮಿಷಕ್ಕೆ ಗಲಾಟೆ ಶುರುವಾಯಿತು. ಎಲೆಕ್ಟ್ರಾನಿಕ್ಸ್ ವಿಭಾಗದ ಇಬ್ಬರು ಸೀನಿಯರ್‌ಗಳು ತೆವಳಿಕೊಂಡು ಹೋಗಿ ಕೇಬಲ್ ಸರಿಮಾಡುವ ಹೊತ್ತಿಗೆ ಅವಳ ಕೃತಿ ಮುಗಿದೇ ಹೋಗಿತ್ತು.

ನಮಗೇನೋ ಅದು ಹತ್ತು ನಿಮಿಷದ ತಮಾಷೆ. ಆದರೆ ನೂರು ವರ್ಷದ ಹಿಂದೆ ಇದೇ ಮೈಸೂರಿನಲ್ಲಿ ಪಿಟೀಲು ನಂಬಿಕೊಂಡು ಬದುಕು ಕಟ್ಟಿದ ಒಬ್ಬರಿಗೆ ಇದು ಪ್ರತಿ ಕಚೇರಿಯ ಸಂಕಟ ಆಗಿತ್ತು. ಮೈಕ್ ಇರಲಿಲ್ಲ, ಸರಿಮಾಡೋಕೆ ಕೇಬಲ್ಲೂ ಇರಲಿಲ್ಲ. ಅವರು ಪಿಟೀಲಿಗೇ ಕೈ ಹಾಕಿದರು. ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ತಂತಿ ಕಟ್ಟಿದರು.

ಅವರೇ ಮೈಸೂರು ಟಿ. ಚೌಡಯ್ಯ. ಬೆಂಗಳೂರಿನ ಚೌಡಯ್ಯ ಮೆಮೋರಿಯಲ್ ಹಾಲ್ ಅಂದರೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಚೌಡಯ್ಯ ಯಾರು ಅಂದರೆ ಅರ್ಧ ಕ್ಲಾಸು ಸುಮ್ಮನಾಗುತ್ತೆ. ಸತ್ಯ ಹೇಳಬೇಕು ಅಂದರೆ, ಈ ಲೇಖನಕ್ಕೆ ಕೂರುವವರೆಗೆ ನಾವೂ ಆ ಅರ್ಧದಲ್ಲೇ ಇದ್ದೆವು.

ಹೆಸರಿನ ಮುಂದಿನ ಟಿ ಅಂದರೆ ತಿರುಮಕೂಡಲು. ಇಲ್ಲಿಂದ ಮೂವತ್ತು ಕಿಲೋಮೀಟರ್ ಚಿಲ್ಲರೆ, ಟಿ. ನರಸೀಪುರದ ಮಗ್ಗುಲಲ್ಲೇ ಹೊಳೆಯಾಚೆ ಇರೋ ಊರು. ಕಾವೇರಿ, ಕಪಿಲೆ ಎರಡೂ ಅಲ್ಲಿ ಕೂಡುತ್ತವೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಅಲ್ಲೇ ಸೇರುತ್ತೆ ಅನ್ನೋ ನಂಬಿಕೆ ಇರೋದರಿಂದ ಅದು ಮೂರರ ಕೂಡಲು. ಊರಿನ ದೇವರು ಅಗಸ್ತ್ಯೇಶ್ವರ. ಚೌಡಯ್ಯನವರ ತಂದೆಯ ಹೆಸರೂ ಅಗಸ್ತ್ಯೇಗೌಡ, ತಾಯಿ ಸುಂದರಮ್ಮ. ಹುಟ್ಟಿದ್ದು 1895ರಲ್ಲಿ.

ಗೌಡರ ಮನೆ ಹುಡುಗ ಕರ್ನಾಟಕ ಸಂಗೀತ ಕಲಿಯೋಕೆ ಹೊರಟ ಅನ್ನೋದು ಇವತ್ತು ದೊಡ್ಡ ಸುದ್ದಿ ಆಗಲ್ಲ. ಆಗಿನ ಕಚೇರಿ ಪ್ರಪಂಚ ಬೇರೆ ಇತ್ತು. ವೇದಿಕೆ ಮೇಲೆ ಇರುತ್ತಿದ್ದವರಲ್ಲಿ ಬಹುಪಾಲು ಜನ ಬ್ರಾಹ್ಮಣರು, ಇಲ್ಲ ಅಂದರೆ ತಲೆಮಾರುಗಳಿಂದ ಸಂಗೀತವನ್ನೇ ಕಸುಬು ಮಾಡಿಕೊಂಡು ಬಂದ ಮನೆತನದವರು. ಹೊಲ, ಹೊಳೆ ನೋಡಿ ಬೆಳೆದ ಹುಡುಗನಿಗೆ ಅಲ್ಲಿ ಜಾಗ ಸಿಗಬೇಕು ಅಂದರೆ ಒಬ್ಬ ಗಟ್ಟಿ ಗುರು ಬೇಕಿತ್ತು. ಆ ಗುರು ಸಿಕ್ಕಿದ್ದು ಮೈಸೂರಿನಲ್ಲಿ.

ಬಿಡಾರಂ ಕೃಷ್ಣಪ್ಪನವರೂ ಹೊರಗಿಂದ ಬಂದವರೇ. ಅವರದು ಉಡುಪಿ ಕಡೆಯ ನಂದಳಿಕೆ, ಮನೆಮಾತು ಕೊಂಕಣಿ. 1866ರಲ್ಲಿ ಹುಟ್ಟಿ ಹಾಡುಗಾರಿಕೆಯಿಂದಲೇ ಅರಮನೆವರೆಗೆ ಹೋದವರು. ಕಚೇರಿಯಲ್ಲಿ ಕನ್ನಡದ ದೇವರನಾಮಗಳನ್ನು ಗಂಭೀರವಾಗಿ ಹಾಡಿ ಅವಕ್ಕೊಂದು ಸ್ಥಾನ ತಂದುಕೊಟ್ಟವರಲ್ಲಿ ಅವರ ಹೆಸರು ಮುಖ್ಯ. 1910ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಚೌಡಯ್ಯ ಅವರ ಶಿಷ್ಯರಾದರು. 1918ರವರೆಗೆ ಗುರುಕುಲವಾಸ. ನಮ್ಮ ಲೆಕ್ಕದಲ್ಲಿ ಎರಡು ಬಿ.ಇ. ಡಿಗ್ರಿಯಷ್ಟು ಕಾಲ, ಮಧ್ಯೆ ಸೆಮಿಸ್ಟರ್ ರಜೆ ಇಲ್ಲ, ಗ್ರೇಸ್ ಮಾರ್ಕ್ಸೂ ಇಲ್ಲ.

ಗುರು ಹಾಡುಗಾರರು, ಶಿಷ್ಯ ಪಿಟೀಲಿನವರು ಅನ್ನೋದನ್ನ ಗಮನಿಸಬೇಕು. ಗುರುವಿನ ಗಂಟಲಲ್ಲಿ ಬಂದದ್ದನ್ನ ಕಿವಿಯಲ್ಲಿ ಹಿಡಿದು ಬೆರಳಿಗೆ ಇಳಿಸೋದೇ ಅಲ್ಲಿನ ಪಾಠ. ಕರ್ನಾಟಕ ಪದ್ಧತಿಯಲ್ಲಿ ಪಿಟೀಲಿನ ಕೆಲಸವೂ ಮುಖ್ಯವಾಗಿ ಇದೇ. ಯುರೋಪಿಂದ ಬಂದ ಈ ವಾದ್ಯವನ್ನ ಸುಮಾರು ಇನ್ನೂರು ವರ್ಷದ ಹಿಂದೆ ಬಾಲುಸ್ವಾಮಿ ದೀಕ್ಷಿತರಂಥವರು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ನಿಂತು ಗಲ್ಲಕ್ಕೆ ಒತ್ತಿ ಹಿಡಿಯೋದನ್ನ ಬಿಟ್ಟು ನೆಲದ ಮೇಲೆ ಚಕ್ಕಲಮಕ್ಕಲ ಹಾಕಿ ಕೂತು, ಅದರ ತಲೆಯನ್ನ ಬಲಗಾಲಿನ ಪಾದಕ್ಕೆ ಊರಿ ನುಡಿಸೋ ಕ್ರಮ ಬಂತು. ಎಡಗೈಗೆ ಭಾರ ಹೊರುವ ಕೆಲಸ ತಪ್ಪಿತು, ಗಮಕಕ್ಕೆ ಬೆರಳು ಜಾರಿಸೋದು ಸುಲಭ ಆಯಿತು. ಒಳ್ಳೇ ಡಿಸೈನ್.

ಚೌಡಯ್ಯ ಕಲಿತು ಹೊರಬಂದಾಗಿನ ಮೈಸೂರು ಸಂಗೀತಗಾರರಿಗೆ ಚಿನ್ನದಂಥ ಊರು. ನಾಲ್ವಡಿ ಕೃಷ್ಣರಾಜ ಒಡೆಯರು ಸ್ವತಃ ವಾದ್ಯಗಳನ್ನ ನುಡಿಸಬಲ್ಲವರು. ವೀಣೆ ಶೇಷಣ್ಣ ಇನ್ನೂ ಬದುಕಿದ್ದರು, ವಾಸುದೇವಾಚಾರ್ಯರು ಕೃತಿಗಳನ್ನ ಕಟ್ಟುತ್ತಿದ್ದರು. 1908ರಲ್ಲೇ ಊರಿಗೆ ಕರೆಂಟ್ ಬಂದಿತ್ತು. ಶಿವನಸಮುದ್ರದ ವಿದ್ಯುತ್ತಿನಿಂದ ಬೀದಿ ದೀಪ ಉರಿಯುತ್ತಿತ್ತು, ಅರಮನೆ ಝಗಮಗ ಅನ್ನುತ್ತಿತ್ತು. ಆದರೆ ಆ ಕರೆಂಟಿಗೆ ಕಚೇರಿಯಲ್ಲಿ ದೀಪ ಹಚ್ಚೋದು ಬಿಟ್ಟು ಬೇರೆ ಕೆಲಸ ಗೊತ್ತಿರಲಿಲ್ಲ. ಆಂಪ್ಲಿಫೈಯರ್ ಕಚೇರಿಗೆ ಬರೋಕೆ ಇನ್ನೂ ಕಾಲ ಇತ್ತು.

ಇತ್ತ ಕೇಳುವವರು ಬದಲಾಗುತ್ತಿದ್ದರು. ಹಿಂದೆ ಕಚೇರಿ ಅಂದರೆ ಅರಮನೆಯ ತೊಟ್ಟಿ, ಶ್ರೀಮಂತರ ಮನೆಯ ಹಜಾರ. ನೂರು ಜನ ಕೂತರೆ ಹೆಚ್ಚು. ಈಗ ಮದ್ರಾಸಿನಲ್ಲಿ, ತಂಜಾವೂರು ಕಡೆ, ನಮ್ಮಲ್ಲಿ ಸಭೆಗಳು ಹುಟ್ಟಿದವು. ಟಿಕೆಟ್ ಕೊಂಡು ಬರುವವರು, ದೇವಸ್ಥಾನದ ಉತ್ಸವಕ್ಕೆ ಬರುವವರು, ದೊಡ್ಡ ಮದುವೆಗೆ ಬರುವವರು ಅಂತ ಚಪ್ಪರದ ತುಂಬ ಸಾವಿರಗಟ್ಟಲೆ ಜನ. ಹಾಡುಗಾರರು ಗಂಟಲು ಏರಿಸಿದರು, ಶ್ರುತಿ ಏರಿಸಿದರು. ಮೃದಂಗಕ್ಕೆ ಹುಟ್ಟಿನಿಂದಲೇ ಗುಂಡಿಗೆ ಗಟ್ಟಿ. ನಡುವೆ ಸಿಕ್ಕಿಬಿದ್ದದ್ದು ಪಿಟೀಲು. ಹಾಡುಗಾರರು ಒಂದು ಸಂಗತಿ ಹಾಕಿ ನಿಲ್ಲಿಸುತ್ತಾರೆ, ಅದನ್ನ ಪಿಟೀಲು ಹಿಂತಿರುಗಿ ಹೇಳಬೇಕು. ಸಭೆಯ ಹಿಂದಿನ ಅರ್ಧಕ್ಕೆ ಆ ಉತ್ತರ ಕೇಳಿಸದೇ ಇದ್ದರೆ ಅಲ್ಲೊಂದು ಖಾಲಿ ಜಾಗ ಇದ್ದ ಹಾಗೆ. ನಮ್ಮ ಜೂನಿಯರ್ ನುಡಿಸುತ್ತಿದ್ದಾಗ ಹಿಂದಿನ ಸಾಲು ಮೊಬೈಲ್ ತೆಗೆದದ್ದು ಅದೇ ಖಾಲಿ ಜಾಗದಲ್ಲಿ.

ಚೌಡಯ್ಯನವರ ಉಪಾಯ ಹೇಳೋಕೆ ಸುಲಭ. ನಾಲ್ಕು ತಂತಿಗಳ ಪೈಕಿ ಮೂರಕ್ಕೆ ಒಂದೊಂದು ಜೊತೆ ತಂತಿ. ಕಮಾನು ಎಳೆದಾಗ, ಬೆರಳು ಒತ್ತಿದಾಗ, ಎರಡು ತಂತಿ ಒಟ್ಟಿಗೆ ನುಡಿಯಬೇಕು. ನಾಲ್ಕು ಮತ್ತು ಮೂರು, ಏಳು.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಬೇಜಾರಾದವರು ಮುಂದಿನ ಪ್ಯಾರಾಕ್ಕೆ ಹಾರಬಹುದು. ಒಂದೇ ಬಲದ ಎರಡು ಸದ್ದಿನ ಮೂಲ ಸೇರಿದರೆ ತೀವ್ರತೆ ಎರಡು ಪಟ್ಟು, ಅಂದರೆ ಮೂರು ಡೆಸಿಬೆಲ್ ಹೆಚ್ಚು. ಕಿವಿಗೆ ಇದು ಎರಡು ಪಟ್ಟು ಜೋರು ಅನ್ನಿಸಲ್ಲ, ಅದಕ್ಕೆ ಹತ್ತು ಡೆಸಿಬೆಲ್ ಹತ್ತಿರ ಬೇಕು. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸದ್ದು ಆರು ಡೆಸಿಬೆಲ್ ಇಳಿಯುತ್ತೆ. ಹಾಗಾಗಿ ಪೇಪರ್ ಮೇಲೆ ಮೂರು ಡೆಸಿಬೆಲ್ ಲಾಭ ಅಂದರೆ ಕೇಳಿಸೋ ದೂರ ಸುಮಾರು ನಲವತ್ತು ಪರ್ಸೆಂಟ್ ಜಾಸ್ತಿ. ಮೊದಲು ಹದಿನಾಲ್ಕು ಮೀಟರಿಗೆ ಕೇಳುತ್ತಿದ್ದಷ್ಟೇ ಸ್ಪಷ್ಟವಾಗಿ ಈಗ ಇಪ್ಪತ್ತು ಮೀಟರಿಗೆ ಕೇಳಬೇಕು. ಏಳೆಂಟು ಸಾಲು ಜನ! ಅಷ್ಟು ಜನರನ್ನ ಕಚೇರಿಯ ಒಳಗೆ ತರೋಕೆ ಮೂರು ತಂತಿ.

ಪೇಪರ್ ಮೇಲೆ ಅಂದೆವಲ್ಲ, ಅದಕ್ಕೆ ಕಾರಣ ಇದೆ. ನಮ್ಮ ಜೂನಿಯರ್ ಮನೆಯಲ್ಲಿ ಬಿದ್ದಿದ್ದ ಹಳೇ ಪಿಟೀಲು ಒಂದನ್ನ ತಂದು ವರ್ಕ್‌ಶಾಪಿನಲ್ಲಿ ನಾವೂ ಒಂದೇ ಒಂದು ಹೆಚ್ಚುವರಿ ತಂತಿ ಕಟ್ಟೋಕೆ ನೋಡಿದೆವು. ಬಿರಡೆಗೆ ಹೊಸ ತೂತು ಕೊರೆಯೋದೇ ಒಂದು ಮಧ್ಯಾಹ್ನದ ಕೆಲಸ ಆಯಿತು. ತಂತಿ ಬಿಗಿ ಮಾಡಿದ ಹಾಗೆಲ್ಲ ಕುದುರೆ ಮುಂದಕ್ಕೆ ವಾಲಿತು. ಒಂದು ತಂತಿಯನ್ನ ಶ್ರುತಿಗೆ ತಂದರೆ ಪಕ್ಕದ್ದು ಇಳಿಯುತ್ತಿತ್ತು. ಮಾಮೂಲಿ ಪಿಟೀಲಿನ ನಾಲ್ಕು ತಂತಿಯ ಒಟ್ಟು ಎಳೆತವೇ ಇಪ್ಪತ್ತು ಕಿಲೋ ಮೇಲಿರುತ್ತೆ, ಅದನ್ನೆಲ್ಲ ತಡೆದುಕೊಳ್ಳಬೇಕಾದ್ದು ಕೆಲವೇ ಮಿಲಿಮೀಟರ್ ದಪ್ಪದ ಹಲಗೆ. ಕೊನೆಗೆ ಹೇಗೋ ನಿಲ್ಲಿಸಿದೆವು. ಜೋಡಿ ತಂತಿ ಮೇಲೆ ಅವಳು ಕಮಾನು ಎಳೆದಾಗ ಬಂದದ್ದು ವಂಯ್ ವಂಯ್ ಅನ್ನೋ ಅಲೆ. ಎರಡು ತಂತಿಯ ಕಂಪನದಲ್ಲಿ ಸೆಕೆಂಡಿಗೆ ಎರಡರಷ್ಟು ವ್ಯತ್ಯಾಸ ಇದ್ದರೂ ಸದ್ದು ಸೆಕೆಂಡಿಗೆ ಎರಡು ಸಲ ಉಬ್ಬಿ ಇಳಿಯುತ್ತೆ. ಬೀಟ್ಸ್ ಅಂತ ಫಿಸಿಕ್ಸ್ ಲ್ಯಾಬಿನಲ್ಲಿ ಟ್ಯೂನಿಂಗ್ ಫೋರ್ಕ್ ಹಿಡಿದು ಕಲಿತದ್ದು ಇದೇ. ಪಿಟೀಲಿನಲ್ಲಿ ಮೆಟ್ಟಿಲು ಇಲ್ಲ. ಎರಡು ತಂತಿಯನ್ನ ಒಂದೇ ಬೆರಳಿನಿಂದ, ಒಂದೇ ಜಾಗದಲ್ಲಿ, ಒಂದೇ ಬಿಗಿಯಲ್ಲಿ ಒತ್ತಬೇಕು. ಅದೂ ಗಮಕದಲ್ಲಿ ಬೆರಳು ಓಡುತ್ತಿರುವಾಗ. ಎರಡನ್ನೂ ಒಟ್ಟಿಗೆ ಎಬ್ಬಿಸೋಕೆ ಕಮಾನಿನ ಮೇಲೆ ತೋಳಿನ ಬಲ ಹೆಚ್ಚು ಬೇಕು. ಅರ್ಧ ಗಂಟೆಗೆ ಅವಳ ಬೆರಳ ತುದಿ ಕೆಂಪಾಗಿ ಸಾಕು ಅಂದಳು. ಚೌಡಯ್ಯನವರ ಕಚೇರಿಗಳು ಮೂರು ನಾಲ್ಕು ಗಂಟೆ ನಡೆಯುತ್ತಿದ್ದವು.

ಎಂಟು ವರ್ಷದ ಗುರುಕುಲದ ಬೆಲೆ ನಮಗೆ ಗೊತ್ತಾದದ್ದು ಆ ಮಧ್ಯಾಹ್ನ. ತಂತಿ ಕಟ್ಟೋದು ಯಾರು ಬೇಕಾದರೂ ಮಾಡಬಹುದಿತ್ತೇನೋ. ಕಟ್ಟಿದ ಮೇಲೆ ಅದನ್ನ ಶ್ರುತಿಶುದ್ಧವಾಗಿ ನುಡಿಸೋ ಕೈ ಬೇಕಿತ್ತು.

ಇದೇ ತಲೆನೋವು ಆಗ ಪ್ರಪಂಚದ ಬೇರೆ ಕಡೆಯೂ ಇತ್ತು. ಲಂಡನ್ನಿನಲ್ಲಿ ಸ್ಟ್ರೋ ಅನ್ನುವವರು 1899ರಲ್ಲೇ ಪಿಟೀಲಿನ ಮರದ ಡಬ್ಬ ತೆಗೆದುಹಾಕಿ ಗ್ರಾಮಫೋನಿನ ಹಾಗೆ ಲೋಹದ ಕೊಂಬು ಕೂಡಿಸಿದ್ದರು. ಕ್ಯಾಲಿಫೋರ್ನಿಯಾದಲ್ಲಿ 1920ರ ದಶಕದಲ್ಲಿ ಡೋಪಿಯೆರಾ ಅನ್ನೋ ಕುಶಲಕರ್ಮಿ ಗಿಟಾರಿನ ಹೊಟ್ಟೆಯೊಳಗೆ ಅಲ್ಯೂಮಿನಿಯಂ ಕೋನ್ ಇಟ್ಟರು, ಡ್ಯಾನ್ಸ್ ಬ್ಯಾಂಡಿನ ಗದ್ದಲದಲ್ಲೂ ಗಿಟಾರ್ ಕೇಳಬೇಕು ಅಂತ. ಮುಂದಿನ ದಶಕದಲ್ಲಿ ಎಲೆಕ್ಟ್ರಿಕ್ ಗಿಟಾರೇ ಬಂತು. ಅವರೆಲ್ಲ ಸದ್ದು ಹೊರಗೆ ಬೀಳೋ ಕಡೆ ಕೈ ಹಾಕಿದರು, ಚೌಡಯ್ಯ ಸದ್ದು ಹುಟ್ಟೋ ತಂತಿಗೇ ಕೈ ಹಾಕಿದರು. ಅವರ ಹಿಂದೆ ಕಂಪನಿ ಇರಲಿಲ್ಲ, ಪೇಟೆಂಟ್ ಇರಲಿಲ್ಲ. ರಾತ್ರಿ ಕಚೇರಿಯೇ ಅವರ ಟೆಸ್ಟಿಂಗ್ ಲ್ಯಾಬ್, ಕೊನೆ ಸಾಲಿನವನ ಮುಖವೇ ಮೀಟರ್.

1920ರ ದಶಕದ ಕೊನೆಗೆ ಚೌಡಯ್ಯ ದಕ್ಷಿಣದ ದೊಡ್ಡ ಪಿಟೀಲುಗಾರರ ಸಾಲಿಗೆ ಬಂದಿದ್ದರು. ಆ ಕಾಲದ ಪಿಟೀಲಿನ ಮೂವರು ಅಂದರೆ ದ್ವಾರಂ ವೆಂಕಟಸ್ವಾಮಿ ನಾಯ್ಡು, ಕುಂಭಕೋಣಂ ರಾಜಮಾಣಿಕ್ಕಂ ಪಿಳ್ಳೆ, ಮೈಸೂರು ಚೌಡಯ್ಯ. ಅರಿಯಕ್ಕುಡಿ ರಾಮಾನುಜ ಅಯ್ಯಂಗಾರರಿಂದ ಹಿಡಿದು ಆಗ ಮೇಲೇರುತ್ತಿದ್ದ ಹೊಸಬರವರೆಗೆ ಎಲ್ಲರಿಗೂ ಅವರು ಪಕ್ಕವಾದ್ಯ ನುಡಿಸಿದರು. ಆದರೆ ಜನ ಮುಗಿಬಿದ್ದು ಕೇಳಿದ್ದು ಒಂದು ಕೂಟವನ್ನ. ಹಾಡುಗಾರಿಕೆ ಚೆಂಬೈ ವೈದ್ಯನಾಥ ಭಾಗವತರು, ಪಿಟೀಲು ಚೌಡಯ್ಯ, ಮೃದಂಗ ಪಾಲ್ಘಾಟ್ ಮಣಿ ಅಯ್ಯರ್. ಚೆಂಬೈ ಅವರದು ಗಂಟೆ ಹೊಡೆದಂಥ ಶಾರೀರ. ಅಂಥ ಗಂಟಲಿನ ಪಕ್ಕ ಕೂತು ಕಳೆದುಹೋಗದೆ ಉತ್ತರ ಕೊಡಬೇಕು ಅಂದರೆ ಏಳು ತಂತಿ ಬೇಕೇ ಆಗಿತ್ತು ಅನ್ನಿಸುತ್ತೆ. ಈ ಮೂವರ ಕಚೇರಿಯ ಧ್ವನಿಮುದ್ರಣಗಳು ಉಳಿದಿವೆ, ಹುಡುಕಿದರೆ ಯೂಟ್ಯೂಬಿನಲ್ಲಿ ಸಿಗುತ್ತವೆ. ಹಳೇ ರೆಕಾರ್ಡಿಂಗಿನ ಗೊರಗೊರ ಸದ್ದಿನ ನಡುವೆಯೂ ಚೌಡಯ್ಯನವರ ಪಿಟೀಲು ದಪ್ಪಗೆ, ಸ್ವಲ್ಪ ಒರಟಾಗಿ ಎದ್ದು ಬರುತ್ತೆ.

ಒರಟು ಅಂದದ್ದು ಬೇಕು ಅಂತಲೇ. ಅವರ ಕಾಲದಲ್ಲೇ ಈ ದೂರು ಇತ್ತು. ಪಿಟೀಲಿಗೆ ಇಂಪು ಮುಖ್ಯ, ಜೋರಲ್ಲ ಅನ್ನುವವರಿದ್ದರು. ಇಂದು ಇಯರ್‌ಫೋನ್ ಹಾಕಿಕೊಂಡು ಕೇಳುವ ನಮಗೂ ಮೊದಲ ಸಲ ಹಾಗೇ ಅನ್ನಿಸಿತು. ಆದರೆ ಅದು ಇಯರ್‌ಫೋನಿಗಾಗಿ ಮಾಡಿದ ನಾದ ಅಲ್ಲ. ನಾವು ಕಿವಿಯೊಳಗೇ ಪಿಟೀಲು ಇಟ್ಟುಕೊಂಡು ಜೋರಾಯಿತು ಅಂತ ದೂರೋದು ನ್ಯಾಯವಲ್ಲ. ಹಾಸ್ಟೆಲಿನ ಕಾರಿಡಾರಿನ ಒಂದು ತುದಿಯಲ್ಲಿ ಸ್ಪೀಕರ್ ಇಟ್ಟು ಇನ್ನೊಂದು ತುದಿಗೆ ಹೋಗಿ ಕೇಳಿದೆವು. ಅಲ್ಲಿಗೆ ಬರುವಾಗ ಒರಟುತನ ಎಲ್ಲೋ ಸೋರಿಹೋಗಿ ರಾಗ ಮಾತ್ರ ಬಂತು. ವೈಜ್ಞಾನಿಕ ಪ್ರಯೋಗ ಅಂತ ಇದನ್ನ ಒಪ್ಪಬೇಡಿ, ನೀವೇ ಮಾಡಿ ನೋಡಿ.

ಅಷ್ಟರಲ್ಲಿ ಮೈಕ್ ಬಂತು.

ಮೈಸೂರಿಗೆ ಅದು ಬಂದ ರೀತಿಯೇ ಸೊಗಸು. 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟು ರೇಡಿಯೋ ನಿಲಯ ಶುರುಮಾಡಿದರು. ಆಕಾಶವಾಣಿ ಅನ್ನೋ ಹೆಸರು ಹುಟ್ಟಿದ್ದು ಅಲ್ಲಿಂದಲೇ. ನಿಮ್ಮ ರೂಮಿನ ಹಳೇ ಬಲ್ಬಿಗಿಂತ ಕಡಿಮೆ ವಿದ್ಯುತ್ತಿನಲ್ಲಿ ಹಾಡು ಊರು ದಾಟಿ ಹೋಗುತ್ತಿತ್ತು. ಅದೇ ದಶಕದಲ್ಲಿ ಸಭೆಗಳಲ್ಲೂ ಮೈಕ್ ಕಾಣಿಸಿಕೊಂಡಿತು. ಪಿಸುಗುಟ್ಟಿದರೂ ಕೊನೆ ಸಾಲಿಗೆ ಕೇಳುವ ಕಾಲ ಬಂದುಬಿಟ್ಟಿತು.

ಎಂಜಿನಿಯರಿಂಗ್ ಓದುವವರಿಗೆ ಇಲ್ಲಿ ಎದೆ ಝಲ್ಲೆನ್ನಬೇಕು. ಒಬ್ಬ ಮನುಷ್ಯ ಇಡೀ ಯೌವನ ಕೊಟ್ಟು ಒಂದು ಸಮಸ್ಯೆಗೆ ಉತ್ತರ ಹುಡುಕಿದ್ದಾನೆ. ಕೆಲವೇ ವರ್ಷದಲ್ಲಿ ಒಂದು ಡಬ್ಬ ಬಂದು ಆ ಸಮಸ್ಯೆಯನ್ನೇ ಎತ್ತಿಕೊಂಡು ಹೋಯಿತು. ಚೌಡಯ್ಯ ಹೆಚ್ಚುವರಿ ತಂತಿ ಬಿಚ್ಚಿಹಾಕಿ ನಾಲ್ಕಕ್ಕೆ ಮರಳಬಹುದಿತ್ತು, ಕೈಗೂ ಸುಖ ಇತ್ತು. ಅವರು ಮರಳಲಿಲ್ಲ. ಮೈಕಿನ ಮುಂದೆಯೂ ಏಳು ತಂತಿಯನ್ನೇ ನುಡಿಸಿದರು. ಹಟ ಅಂತ ಕೆಲವರಿಗೆ ಕಾಣಬಹುದು. ನಮಗೆ ಅನ್ನಿಸೋದು ಬೇರೆ. ಅಷ್ಟು ಹೊತ್ತಿಗೆ ಆ ಜೋಡಿ ನಾದ ಅವರ ದನಿಯೇ ಆಗಿತ್ತು. ದೂರ ಕೇಳಲಿ ಅಂತ ಮಾಡಿದ್ದು, ಕಣ್ಣು ಮುಚ್ಚಿದರೂ ಇದು ಚೌಡಯ್ಯ ಅಂತ ಗುರುತು ಸಿಗುವ ನಾದವಾಗಿ ಉಳಿಯಿತು. ಅವರ ಗೆಳೆಯ ಮಣಿ ಅಯ್ಯರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 1960ರ ದಶಕದಲ್ಲಿ ಕಚೇರಿಗೆ ಮೈಕೇ ಬೇಡ ಅಂತ ಪಟ್ಟು ಹಿಡಿದರು. ಹಾಗೆ ನೋಡಿದರೆ ಚೌಡಯ್ಯನವರು ಮೈಕಿನ ಮೇಲೆ ಜಗಳ ಆಡಿದವರಲ್ಲ.

ಹೊಸ ಯಂತ್ರ ಅಂದರೆ ದೂರ ಓಡುವ ಸ್ವಭಾವವೂ ಅವರದಲ್ಲ. ಇಲ್ಲದಿದ್ದರೆ ಸಿನಿಮಾಕ್ಕೆ ಯಾಕೆ ಕೈ ಹಾಕುತ್ತಿದ್ದರು? 1943ರಲ್ಲಿ ವಾಣಿ ಅನ್ನೋ ಕನ್ನಡ ಚಿತ್ರ ನಿರ್ಮಿಸಿ, ತಾವೂ ಪಾತ್ರ ಮಾಡಿದರು. ನಿರ್ದೇಶನ ನಾಟಕ ಕಂಪನಿಯ ಕೆ. ಹಿರಣ್ಣಯ್ಯನವರದು, ಅಂದರೆ ಮಾಸ್ಟರ್ ಹಿರಣ್ಣಯ್ಯನವರ ತಂದೆ. ಪಂಡರಿಬಾಯಿ ಬೆಳ್ಳಿತೆರೆಗೆ ಬಂದದ್ದು ಈ ಚಿತ್ರದಿಂದ. ಚೆಂಬೈ, ಮಣಿ ಅಯ್ಯರ್ ಕೂಡ ಅದರಲ್ಲಿ ಕಾಣಿಸಿಕೊಂಡರು. ಸಭೆಯ ಕೊನೆ ಸಾಲು ಸಾಲದೆ, ಟೆಂಟಿನಲ್ಲಿ ಮರಳ ಮೇಲೆ ಕೂತವನಿಗೂ ಈ ಸಂಗೀತ ತಲುಪಲಿ ಅಂತ ಆಸೆ ಇತ್ತೋ ಏನೋ.

ಬಿರುದು ಬಾವಲಿಗಳನ್ನ ಬೇಗ ಹೇಳಿ ಮುಗಿಸುತ್ತೇವೆ. ಮೈಸೂರು ಅರಮನೆಯ ಆಸ್ಥಾನ ವಿದ್ವಾಂಸರಾದರು, ಮಹಾರಾಜರಿಂದ ಸಂಗೀತರತ್ನ ಬಿರುದು ಬಂತು. 1957ರಲ್ಲಿ ಎರಡು ದೊಡ್ಡ ಗೌರವ ಒಟ್ಟಿಗೆ: ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಮತ್ತು ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ. ತಿರುಮಕೂಡಲಿನ ಗೌಡರ ಹುಡುಗ ಮದ್ರಾಸಿನ ಆ ವೇದಿಕೆಯ ಅಧ್ಯಕ್ಷನ ಕುರ್ಚಿಯಲ್ಲಿ ಕೂತಾಗ ವಯಸ್ಸು ಅರವತ್ತೆರಡು.

ಇಷ್ಟೆಲ್ಲ ಆದ ಮೇಲೂ ಊರು ಬಿಟ್ಟು ಮದ್ರಾಸಿನವರಾಗಲಿಲ್ಲ, ಹೆಸರಿನ ಮುಂದೆ ಮೈಸೂರು ಉಳಿಯಿತು. ಇಲ್ಲೇ ಅಯ್ಯನಾರ್ ಸಂಗೀತ ಕಾಲೇಜು ಕಟ್ಟಿ ಮಕ್ಕಳಿಗೆ ಪಾಠ ಮಾಡಿಸಿದರು. ತಮ್ಮ ಕೃತಿಗಳಿಗೆ ತ್ರಿಮಕುಟ ಅಂತ ಅಂಕಿತ ಇಟ್ಟರು, ಹುಟ್ಟಿದೂರಿನ ಕೂಡಲು ಪ್ರತಿ ಕೃತಿಯ ಕೊನೆಗೂ ಬರುವ ಹಾಗೆ. ಗುರು ಕೃಷ್ಣಪ್ಪನವರು 1931ರಲ್ಲಿ ತೀರಿಕೊಂಡರು. ನಾರಾಯಣಶಾಸ್ತ್ರಿ ರಸ್ತೆಯ ರಾಮಮಂದಿರ ಅವರ ಕನಸಿನ ಕೂಸು. ದೇವರಾಜ ಮಾರ್ಕೆಟ್ ಕಡೆ ಹೋಗುವಾಗ ನೀವು ಅದನ್ನ ಬಿಡಾರಂ ಕೃಷ್ಣಪ್ಪ ರಾಮಮಂದಿರ ಅಂತ ಕೇಳಿರಬಹುದು. ಅಲ್ಲಿನ ರಾಮನವಮಿ ಕಚೇರಿಗಳ ನಂಟು ಚೌಡಯ್ಯನವರಿಗೆ ಕೊನೆವರೆಗೂ ಇತ್ತು.

1967ರ ಜನವರಿ 19ರಂದು ಚೌಡಯ್ಯ ತೀರಿಕೊಂಡರು. ಏಳು ತಂತಿಯ ಪಿಟೀಲನ್ನ ಹಿಡಿದವರು ಆಮೇಲೆ ಬಹಳ ಕಡಿಮೆ. ಅದು ಸಹಜ, ಮೈಕ್ ಇರುವಾಗ ಆ ಕಷ್ಟ ಯಾರಿಗೆ ಬೇಕು? ಹದಿಮೂರು ವರ್ಷ ಕಳೆದು 1980ರಲ್ಲಿ ಬೆಂಗಳೂರಿನ ವೈಯಾಲಿಕಾವಲ್ ಹತ್ತಿರ ಕೆ.ಕೆ. ಮೂರ್ತಿಯವರು ಅವರ ಹೆಸರಿನ ಸಭಾಂಗಣ ಕಟ್ಟಿಸಿದರು. ಇಡೀ ಕಟ್ಟಡವೇ ಮಲಗಿಸಿಟ್ಟ ಒಂದು ಪಿಟೀಲು. ಬಿರಡೆ, ಕುದುರೆ, ಕಮಾನು, ಮೇಲೆ ಹಾಸಿದ ತಂತಿ ಎಲ್ಲ ಇದೆ. ಫೆಸ್ಟಿಗೋ ನಾಟಕಕ್ಕೋ ಹೋದಾಗ ಹೊರಗೆ ನಿಂತು ತಂತಿ ಎಣಿಸಿ.

ನಮ್ಮ ವರ್ಕ್‌ಶಾಪಿನ ಐದು ತಂತಿಯ ಪಿಟೀಲು ಸದ್ಯಕ್ಕೆ ಕ್ಲಬ್ಬಿನ ರೂಮಿನ ಬೀರು ಮೇಲಿದೆ. ಜೂನಿಯರ್ ವಾರಕ್ಕೊಂದು ಸಲ ಬಂದು ಶ್ರುತಿ ಮಾಡುತ್ತಾಳೆ. ಹೋದ ಶನಿವಾರ ವಂಯ್ ವಂಯ್ ಅನ್ನೋ ಅಲೆ ಒಂದು ಸ್ವರದಲ್ಲಿ ಮಾತ್ರ ನಿಂತಿತ್ತು, ಮಧ್ಯಮದಲ್ಲಿ. ಮಿಕ್ಕ ಸ್ವರಗಳ ಮೇಲೆ ಕೆಲಸ ನಡೀತಾ ಇದೆ.